ಇನ್ಶೂರೆನ್ಸ್ ಆಫೀಸಿಗೆ ಜನ ಹುಡುಕುವುದು, ಸಿಕ್ಕಿದವರನ್ನು ಉಳಿಸಿಕೊಳ್ಳುವುದು: ಕರಾವಳಿಯವರಿಗೊಂದು ಮಾರ್ಗದರ್ಶಿ

"ಜನ ಸಿಗುವುದಿಲ್ಲ. ಸಿಕ್ಕಿದವರು ನಿಲ್ಲುವುದಿಲ್ಲ. ಏನು ಮಾಡುವುದು?" ಸುರತ್ಕಲ್, ಪುತ್ತೂರು, ಉಡುಪಿ, ಕುಂದಾಪುರ, ಎಲ್ಲಿಂದ ಫೋನ್ ಬಂದರೂ ಪ್ರಶ್ನೆ ಇದೇ. ಕೇಳುವವರು ಬ್ರಾಂಚ್ ನೋಡಿಕೊಳ್ಳುವವರು, ಡೆವಲಪ್‌ಮೆಂಟ್ ಆಫೀಸರ್‌ಗಳು (ಏಜೆಂಟರ ತಂಡ ಕಟ್ಟುವವರು), ಸ್ವಂತ ಏಜೆನ್ಸಿ ಆಫೀಸ್ ಇಟ್ಟುಕೊಂಡವರು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಕ್ರಮವಾಗಿ ಬರೆದುಬಿಡುತ್ತೇನೆ.

ಒಂದು ವಿಷಯ ಮೊದಲೇ ತಿಳಿದಿರಲಿ. ನಮ್ಮ ಲೈನಿನಲ್ಲಿ ಜನ ಬಿಟ್ಟುಹೋಗುವುದು ನೆಂಟರ ಪಟ್ಟಿ ಮುಗಿದ ತಿಂಗಳಲ್ಲಿ. ಹೊಸ ಏಜೆಂಟ್ ಮೊದಲು ಭಾವನಿಗೆ, ಚಿಕ್ಕಪ್ಪನಿಗೆ, ಜೊತೆಗೆ ಓದಿದವರಿಗೆ ಪಾಲಿಸಿ ಮಾಡಿಸುತ್ತಾರೆ. ಆಫೀಸಿನಲ್ಲಿ ಚಪ್ಪಾಳೆ ಬೀಳುತ್ತದೆ. ನಾಲ್ಕನೇ ತಿಂಗಳೋ ಐದನೇ ತಿಂಗಳೋ ಪಟ್ಟಿ ಖಾಲಿ. ಪರಿಚಯ ಇಲ್ಲದ ಮನೆಯ ಗೇಟು ತೆಗೆಯುವುದು ಹೇಗೆಂದು ಯಾರೂ ಕಲಿಸಿರುವುದಿಲ್ಲ. ಮತ್ತೆ ಫೋನ್ ಎತ್ತುವುದಿಲ್ಲ, ಆಮೇಲೆ ಮನುಷ್ಯನೇ ಕಾಣುವುದಿಲ್ಲ. ಆದ್ದರಿಂದ ಆ ತಿಂಗಳು ದಾಟುವವರನ್ನು ಆರಿಸುವುದು, ದಾಟಲು ಸಹಾಯ ಮಾಡುವುದು, ಇವೆರಡೇ ನಿಮ್ಮ ಕೆಲಸ. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಹಂತ 1: ನಿಮಗೆ ಬೇಕಾದವರು ಯಾರು, ಮೊದಲು ತೀರ್ಮಾನಿಸಿ

"ಒಬ್ಬರು ಬೇಕಿತ್ತು" ಅಂದರೆ ಸಾಲದು. ಮೂರು ಬೇರೆ ಬೇರೆ ಥರದವರಿದ್ದಾರೆ.

ಸಂಬಳದ ಸಿಬ್ಬಂದಿ: ಕೌಂಟರ್, ಕ್ಲೈಮ್, ರಿನೀವಲ್ ಫಾಲೋಅಪ್ ನೋಡಿಕೊಳ್ಳುವವರು. ಇವರಿಗೆ ಅಪಾಯಿಂಟ್‌ಮೆಂಟ್ ಲೆಟರ್, ರಜೆ ಇರುತ್ತದೆ, ಕೆಲವು ಕಡೆ ಪಿಎಫ್ ಕೂಡ.

ಏಜೆಂಟ್: ಸಂಬಳ ಇಲ್ಲ, ಕಮಿಷನ್ ಮಾತ್ರ. ನೇಮಕ ಮಾಡುವುದು ವಿಮಾ ಕಂಪನಿ. ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪನಿ, ಒಂದು ಜನರಲ್ ಇನ್ಶೂರೆನ್ಸ್ ಕಂಪನಿ (ವಾಹನ, ಅಂಗಡಿ, ಬೆಂಕಿ ವಿಮೆ ಕೊಡುವವರು), ಒಂದು ಆರೋಗ್ಯ ವಿಮಾ ಕಂಪನಿಗೆ ಕೆಲಸ ಮಾಡಬಹುದು. ಎರಡು ಜೀವ ವಿಮಾ ಕಂಪನಿಗೆ ಒಟ್ಟಿಗೆ ಮಾಡುವಂತಿಲ್ಲ.

ಪಿಒಎಸ್‌ಪಿ: ಪಾಯಿಂಟ್ ಆಫ್ ಸೇಲ್ಸ್ ಪರ್ಸನ್. ಸರಳ ಪಾಲಿಸಿಗಳನ್ನು ಮಾತ್ರ ಮಾರುವವರು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, 15 ಗಂಟೆ ತರಬೇತಿ, ಕೊನೆಗೊಂದು ಪರೀಕ್ಷೆ. ಬ್ರೋಕರ್ ಕಂಪನಿಯ ಮೂಲಕ ಬಂದವರಾದರೆ ಹಲವು ಕಂಪನಿಗಳ ಪಾಲಿಸಿ ಕೊಡಬಹುದು. ಟೂವೀಲರ್ ಶೋರೂಮ್, ಗ್ಯಾರೇಜ್, ಆರ್‌ಟಿಒ ಕೆಲಸ ಮಾಡಿಕೊಡುವವರಿಗೆ ಇದು ಸರಿಹೋಗುತ್ತದೆ.

ಎಚ್ಚರಿಕೆ: ಏಜೆಂಟ್ ಬೇಕಾಗಿದ್ದಾಗ "ಉದ್ಯೋಗಾವಕಾಶ, ತಿಂಗಳಿಗೆ ಇಷ್ಟು ಸಾವಿರ" ಎಂದು ಪೋಸ್ಟರ್ ಅಂಟಿಸಬೇಡಿ. ಕೆಲಸ ಅಂದುಕೊಂಡು ಬಂದ ಹುಡುಗನಿಗೆ ಎರಡನೇ ವಾರ ಗೊತ್ತಾಗುತ್ತದೆ, ಸಂಬಳ ಇಲ್ಲ ಅಂತ. ಅವನು ಹೋಗುತ್ತಾನೆ, ಅದು ಬೇರೆ ಮಾತು. ಆದರೆ ಬಜ್ಪೆಯಲ್ಲೋ ಕಾಪುವಿನಲ್ಲೋ ಅವನ ಊರಿನವರೆಲ್ಲ ನಿಮ್ಮ ಆಫೀಸಿನ ಹೆಸರು ಕೇಳಿದರೆ ಮುಖ ತಿರುಗಿಸುತ್ತಾರೆ. ನಮ್ಮದು ಸಣ್ಣ ಊರು, ಸುದ್ದಿ ಬಸ್ಸಿಗಿಂತ ಬೇಗ ಹೋಗುತ್ತದೆ.

ಹಂತ 2: ಸಂಪಾದನೆಯ ಲೆಕ್ಕವನ್ನು ಹಾಳೆಯಲ್ಲಿ ಬರೆದು ತೋರಿಸಿ

ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಲಕ್ಷ ಕಮಿಷನ್ ಪಡೆದವರ ಫೋಟೋ ತೋರಿಸುತ್ತಾರೆ, ವಿದೇಶ ಪ್ರವಾಸದ ವಿಡಿಯೋ ಹಾಕುತ್ತಾರೆ. ನೀವು ಒಂದು ಬಿಳಿ ಹಾಳೆ ತೆಗೆದುಕೊಂಡು ಎದುರು ಕೂತು ಲೆಕ್ಕ ಮಾಡಿ. ಉದಾಹರಣೆಗೆ ಹೀಗೆ. ಇಲ್ಲಿನ ದರಗಳು ಲೆಕ್ಕ ಸುಲಭವಾಗಲಿ ಎಂದು ಹಾಕಿದ್ದು. ನಿಮ್ಮ ಕಂಪನಿಯ ನಿಜವಾದ ದರ ಹಾಕಿಕೊಳ್ಳಿ.

ಮೊದಲ ವರ್ಷ ಒಟ್ಟು 3 ಲಕ್ಷ ರೂಪಾಯಿ ಪ್ರೀಮಿಯಂ ಬರುವಷ್ಟು ಜೀವ ವಿಮೆ ಮಾಡಿಸಿದರು ಅಂತಿಟ್ಟುಕೊಳ್ಳಿ. ಹೊಸಬರಿಗೆ ಇದು ಸುಲಭದ ಮಾತಲ್ಲ. ಕಮಿಷನ್ ಶೇ 20 ಆದರೆ 60,000 ರೂಪಾಯಿ. ತಿಂಗಳಿಗೆ 5,000. ಟಿಡಿಎಸ್, ಅಂದರೆ ಕೊಡುವಾಗಲೇ ಕಡಿದುಕೊಳ್ಳುವ ಆದಾಯ ತೆರಿಗೆ, ಇನ್ನೂ ಕಳೆದಿಲ್ಲ. ಸ್ಕೂಟರಿನಲ್ಲಿ ದಿನಕ್ಕೆ 40 ಕಿಲೋಮೀಟರ್, ತಿಂಗಳಿಗೆ 22 ದಿನ, ಅಂದರೆ 880 ಕಿಲೋಮೀಟರ್. ಲೀಟರಿಗೆ 45 ಕೊಟ್ಟರೂ ಹತ್ತಿರ ಹತ್ತಿರ 20 ಲೀಟರ್ ಪೆಟ್ರೋಲ್. ಲೀಟರಿಗೆ ನೂರು ರೂಪಾಯಿ ಹಿಡಿದರೆ 2,000 ಅಲ್ಲಿಗೆ ಹೋಯಿತು. ಕೈಯಲ್ಲಿ ಉಳಿಯುವುದು 3,000. ಮೊಬೈಲ್ ರೀಚಾರ್ಜ್, ಮಧ್ಯಾಹ್ನದ ಊಟ ನೀವೇ ಕಳೆದುಕೊಳ್ಳಿ.

ಇದನ್ನು ನೋಡಿ ಎದ್ದು ಹೋಗುವವರು ಹೋಗಲಿ. ಅವರು ಹೇಗಿದ್ದರೂ ನಾಲ್ಕನೇ ತಿಂಗಳು ಹೋಗುವವರೇ. ನಿಮ್ಮ ಮೂರು ತಿಂಗಳು ಉಳಿಯಿತು.

ಕೂತವರಿಗೆ ಹಾಳೆಯ ಇನ್ನೊಂದು ಬದಿ ತೋರಿಸಿ. ರಿನೀವಲ್ ಕಮಿಷನ್, ಅಂದರೆ ಎರಡನೇ ವರ್ಷದಿಂದ ಗಿರಾಕಿ ಕಂತು ಕಟ್ಟಿದಾಗೆಲ್ಲ ಸಿಗುವುದು, ಶೇ 5 ಅಂತಿಟ್ಟುಕೊಳ್ಳಿ. ಪ್ರತಿ ವರ್ಷ ಅಷ್ಟೇ ಹೊಸ ವ್ಯವಹಾರ ಮಾಡಿ, ಯಾರ ಪಾಲಿಸಿಯೂ ನಿಲ್ಲದಂತೆ ನೋಡಿಕೊಂಡರೆ ಐದನೇ ವರ್ಷಕ್ಕೆ ಹೊಸದರಿಂದ 60,000, ಹಳೆಯ ನಾಲ್ಕು ವರ್ಷದ್ದರಿಂದ 15,000ದಂತೆ 60,000, ಒಟ್ಟು 1,20,000. ಮೊದಲ ರಿನೀವಲ್‌ನಲ್ಲೇ ಅರ್ಧ ಪಾಲಿಸಿ ಲ್ಯಾಪ್ಸ್ ಆದರೆ, ಅಂದರೆ ಕಂತು ಕಟ್ಟದೆ ನಿಂತುಹೋದರೆ, ಒಟ್ಟು 90,000. ಒಂದು ಹೊಸ ಪಾಲಿಸಿ ಜಾಸ್ತಿ ಮಾರದೆ ವರ್ಷಕ್ಕೆ 30,000ದ ವ್ಯತ್ಯಾಸ. ಪರ್ಸಿಸ್ಟೆನ್ಸಿ ಅಂತ ಮೀಟಿಂಗಿನಲ್ಲಿ ಹೇಳುತ್ತಾರಲ್ಲ, ಮಾಡಿಸಿದ ಪಾಲಿಸಿಗಳಲ್ಲಿ ಮುಂದಕ್ಕೆ ನಡೆಯುತ್ತಿರುವವು ಎಷ್ಟು ಎಂಬ ಲೆಕ್ಕ, ಅದು ಹೊಸಬರಿಗೆ ಅರ್ಥವಾಗುವುದು ಹೀಗೆ ರೂಪಾಯಿಯಲ್ಲಿ ಹೇಳಿದಾಗ.

ಎಚ್ಚರಿಕೆ: ಹಳೇ ಕಮಿಷನ್ ಚಾರ್ಟ್ ತೋರಿಸಬೇಡಿ. ಏಪ್ರಿಲ್ 2023ರಿಂದ ಕಮಿಷನ್ ನಿಯಮವೇ ಬದಲಾಗಿದೆ. ಪ್ರತಿ ಪಾಲಿಸಿಗೆ ಇಷ್ಟೇ ಎಂಬ ಹಳೇ ಮಿತಿ ಹೋಗಿ, ಒಟ್ಟು ಖರ್ಚಿನ ಮಿತಿಯೊಳಗೆ ಕಂಪನಿಯೇ ತೀರ್ಮಾನಿಸುವ ಕ್ರಮ ಬಂದಿದೆ. 22 ಸೆಪ್ಟೆಂಬರ್ 2025ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆ ಪ್ರೀಮಿಯಂಗೆ ಜಿಎಸ್‌ಟಿ ತೆಗೆದ ಮೇಲೆ ಕೆಲವು ಕಂಪನಿಗಳು ಕಮಿಷನ್ ಲೆಕ್ಕವನ್ನು ಮತ್ತೆ ಬದಲಿಸಿದವು. ಈಗಿನ ದರ ಕಂಪನಿಯಿಂದ ಲಿಖಿತವಾಗಿ ತರಿಸಿಕೊಳ್ಳಿ, ಆಮೇಲೆ ಬಾಯಿ ಬಿಡಿ.

ಹಂತ 3: ಎಲ್ಲಿ ಹುಡುಕುವುದು

ಪೇಪರಿನ ಜಾಹೀರಾತು, ಕಾಲೇಜು ಕ್ಯಾಂಪಸ್, ಮೂಡುಬಿದಿರೆಯಂಥ ಕಡೆ ನಡೆಯುವ ಉದ್ಯೋಗ ಮೇಳ ಎಲ್ಲ ಸರಿ. ಬಿಕಾಂ ಮುಗಿಸಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರ ಕಣ್ಣು ಬೆಂಗಳೂರಿನ ಮೇಲೆ ಅಥವಾ ಗಲ್ಫ್ ಮೇಲೆ. ಆಫೀಸ್ ಕೆಲಸಕ್ಕೆ ಅವರನ್ನು ತೆಗೆದುಕೊಳ್ಳಿ. ಏಜೆಂಟ್ ಕೆಲಸಕ್ಕೆ ನಾನು ಮೊದಲು ನೋಡುವುದು ಬೇರೆ ಕಡೆ.

ಪಿಗ್ಮಿ ಕಲೆಕ್ಟರ್‌ಗಳು. ಆಗಿನ ಸಿಂಡಿಕೇಟ್ ಬ್ಯಾಂಕ್ ಉಡುಪಿಯಲ್ಲಿ ಪಿಗ್ಮಿ ಶುರು ಮಾಡಿದ್ದು 1928ರಲ್ಲಿ. ದಿನದಿನ ಅಂಗಡಿ ಬಾಗಿಲಿಗೆ ಹೋಗಿ ಸಣ್ಣ ಹಣ ಕಲೆಕ್ಟ್ ಮಾಡುವ ಆ ಪದ್ಧತಿ ಇವತ್ತಿಗೂ ಸಹಕಾರಿ ಸೊಸೈಟಿಗಳಲ್ಲಿ ನಡೆಯುತ್ತಿದೆ. ಮಾರ್ಕೆಟಿನಲ್ಲಿ ಯಾರ ವ್ಯಾಪಾರ ಹೇಗಿದೆ, ಯಾರ ಮಗಳಿಗೆ ಮದುವೆ ಗೊತ್ತಾಗಿದೆ, ಯಾರು ಹೇಳಿದ ದಿನ ಹಣ ಕೊಡುತ್ತಾರೆ, ಇವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. "ನಾಳೆ ಬನ್ನಿ" ಅನ್ನಿಸಿಕೊಂಡು ಬೇಜಾರಿಲ್ಲದೆ ಮರುದಿನ ಹೋಗುವ ಅಭ್ಯಾಸವೂ ಇದೆ. ಕೆಲಸ ಕೊಟ್ಟ ಸೊಸೈಟಿಯ ಒಪ್ಪಿಗೆ ಬೇಕೋ ಇಲ್ಲವೋ ಅಂತ ಮಾತ್ರ ಮೊದಲು ಕೇಳಿಕೊಳ್ಳಿ.

ನಿವೃತ್ತ ಬ್ಯಾಂಕಿನವರು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ, ಐದೂ ಬ್ಯಾಂಕು ಹುಟ್ಟಿದ ನೆಲ ಇದು. 2019 ಮತ್ತು 2020ರ ವಿಲೀನದಲ್ಲಿ ಮೂರು ಹೆಸರು ಹೋದವು, ಕೌಂಟರಿನಲ್ಲಿ ಕೂತಿದ್ದವರ ಮೇಲಿನ ನಂಬಿಕೆ ಹೋಗಲಿಲ್ಲ. ಇವರಿಗೆ ಪೆನ್ಶನ್ ಬರುವುದರಿಂದ ಮೊದಲ ವರ್ಷದ ಕಷ್ಟ ತಟ್ಟುವುದಿಲ್ಲ. ಒಂದೇ ತೊಂದರೆ: ಕೆಲವರಿಗೆ ಗಿರಾಕಿ ತಮ್ಮ ಹತ್ತಿರ ಬರಬೇಕು, ತಾವು ಹೋಗುವುದಲ್ಲ ಎಂಬ ಅಭ್ಯಾಸ. ಇಂಟರ್‌ವ್ಯೂನಲ್ಲೇ ಗೊತ್ತಾಗುತ್ತದೆ.

ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೆಲಸ ಮಾಡಿದವರು. ಮಂಗಳೂರು, ದೇರಳಕಟ್ಟೆ, ಮಣಿಪಾಲ ಮೂರೂ ಆಸ್ಪತ್ರೆಗಳ ಊರು. ಅಲ್ಲಿ ಟಿಪಿಎ ಕೌಂಟರಿನಲ್ಲಿ (ಕಂಪನಿಯ ಪರವಾಗಿ ಕ್ಲೈಮ್ ಕಾಗದ ನೋಡುವ ಮಧ್ಯದ ಸಂಸ್ಥೆಯನ್ನು ಟಿಪಿಎ ಅನ್ನುತ್ತಾರೆ) ಎರಡು ವರ್ಷ ಕೂತವರಿಗೆ ಯಾವ ಕ್ಲೈಮ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಬಾಯಿಪಾಠ. ನಿಮ್ಮ ಕ್ಲೈಮ್ ವಿಭಾಗಕ್ಕೆ ಇವರಿಗಿಂತ ಒಳ್ಳೆಯವರು ಸಿಗುವುದಿಲ್ಲ.

ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಇಲ್ಲಿ ನಿಮಗೆ ಸ್ಪರ್ಧೆ ಇದೆ ಅನ್ನುವುದು ಗೊತ್ತಿರಲಿ. ಎಲ್‌ಐಸಿಯ ಬಿಮಾ ಸಖಿ ಯೋಜನೆ 9 ಡಿಸೆಂಬರ್ 2024ರಂದು ಶುರುವಾಯಿತು. ಅದರಲ್ಲಿ ಷರತ್ತು ಮುಟ್ಟಿದವರಿಗೆ ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ ಸ್ಟೈಪೆಂಡ್, ಕಮಿಷನ್ ಬೇರೆ. ಇದು ಗೊತ್ತಿದ್ದೂ ನಿಮ್ಮಲ್ಲಿಗೆ ಬರಬೇಕಾದರೆ ಕಾರಣ ಬೇಕಲ್ವಾ? ಆ ಕಾರಣ ಏನು ಅಂತ ನೀವೇ ಮೊದಲು ಬರೆದಿಟ್ಟುಕೊಳ್ಳಿ.

ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಗಾದರೆ ಸಹಕಾರಿ ಸಂಘದಲ್ಲಿ ಅಡಿಕೆ, ಕರಿಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆ ತುಂಬಿಸಿದ ಅನುಭವ ಇರುವವರನ್ನು ಕೇಳಿ ನೋಡಿ. ಕೃಷಿಕರಿಗೆ ವಿಮೆ ಅಂದರೆ ಮೊದಲು ನೆನಪಾಗುವುದು ಅದೇ.

ಹಂತ 4: ಇಂಟರ್‌ವ್ಯೂ: ಬಯೋಡಾಟಾ ಬದಿಗಿಟ್ಟು ಒಂದು ಬಿಲ್ ಕೊಡಿ

"ನಿಮ್ಮ ಬಗ್ಗೆ ಹೇಳಿ", "ಐದು ವರ್ಷದ ನಂತರ ಎಲ್ಲಿರುತ್ತೀರಿ", ಇಂಥ ಪ್ರಶ್ನೆಯಿಂದ ನಮ್ಮ ಕೆಲಸಕ್ಕೆ ಏನೂ ತಿಳಿಯುವುದಿಲ್ಲ. ನಾನು ಮಾಡಿಸುವುದು ಒಂದೇ ಪರೀಕ್ಷೆ. ಅದನ್ನು ಹಾಗೇ ಕೊಡುತ್ತೇನೆ, ನೀವೂ ಬಳಸಬಹುದು.

3 ಲಕ್ಷದ ಆರೋಗ್ಯ ಪಾಲಿಸಿ. ರೂಮ್ ಬಾಡಿಗೆ ಮಿತಿ ದಿನಕ್ಕೆ ಶೇ 1, ಅಂದರೆ 3,000. ರೋಗಿ 6,000ದ ರೂಮಿನಲ್ಲಿ ಐದು ದಿನ ಇದ್ದರು. ಬಿಲ್ಲು 1,20,000: ರೂಮಿಗೆ 30,000, ಔಷಧಕ್ಕೆ 20,000, ಡಾಕ್ಟರ್, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲ ಸೇರಿ 70,000. ಕಂಪನಿ ಎಷ್ಟು ಕೊಡುತ್ತದೆ?

ಹೊಸಬರು "15,000 ಕಡಿದು ಉಳಿದದ್ದು ಕೊಡುತ್ತಾರೆ" ಅನ್ನುತ್ತಾರೆ. ಹಾಗಲ್ಲ. ಮಿತಿಗಿಂತ ದೊಡ್ಡ ರೂಮ್ ತೆಗೆದುಕೊಂಡರೆ ಉಳಿದ ಶುಲ್ಕವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. ಇಲ್ಲಿ ಅರ್ಧ. ಔಷಧಕ್ಕೆ ಈ ಕಡಿತ ಇಲ್ಲ. ಹಾಗಾಗಿ 15,000, 20,000, 35,000, ಒಟ್ಟು 70,000. ರೋಗಿಯ ಕೈಯಿಂದ 50,000.

ಉತ್ತರ ತಪ್ಪಾದರೆ ಚಿಂತೆ ಇಲ್ಲ, ಅದನ್ನು ಕಲಿಸಬಹುದು. ನಿಜವಾದ ಪರೀಕ್ಷೆ ಆಮೇಲೆ. ಲೆಕ್ಕ ವಿವರಿಸಿಕೊಟ್ಟು, ಆಫೀಸಿನ ಒಬ್ಬರನ್ನು ರೋಗಿಯ ಹೆಂಡತಿಯ ಹಾಗೆ ಎದುರು ಕೂರಿಸಿ. "ನೀವು ಪಾಲಿಸಿ ಮಾಡಿಸುವಾಗ ಎಲ್ಲ ಸಿಗುತ್ತದೆ ಅಂದಿರಲ್ಲ ಅಣ್ಣ, ಈಗ 50 ಸಾವಿರ ಎಲ್ಲಿಂದ ತರಲಿ?" ಅಂತ ಅವರು ಕೇಳಲಿ. ತುಳು ಮನೆಯಾದರೆ ತುಳುವಿನಲ್ಲೇ ಕೇಳಲಿ. ಅಭ್ಯರ್ಥಿ ಏನು ಹೇಳುತ್ತಾರೆ ನೋಡಿ. ಕಂಪನಿಯನ್ನು ಬೈದು ಜಾರಿಕೊಳ್ಳುವವರು ಬೇಡ. "ನನಗೆ ಗೊತ್ತಿಲ್ಲ, ಆಫೀಸಿಗೆ ಫೋನ್ ಮಾಡಿ" ಅನ್ನುವವರು ಬೇಡ. "ಅಕ್ಕ, ಮೊದಲು ಬಿಲ್ ಕೊಡಿ, ಒಂದೊಂದೇ ನೋಡುವ" ಅಂದವರನ್ನು ಬಿಡಬೇಡಿ ಮಾರಾಯ್ರೆ. ಅವರಿಗೆ ಇಂಗ್ಲಿಷ್ ಬಾರದಿದ್ದರೂ ಪರವಾಗಿಲ್ಲ.

ಭಾಷೆಯ ವಿಷಯದಲ್ಲಿ ಒಂದು ಮಾತು. ಒಂದೇ ರಸ್ತೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಮನೆಗಳಿರುವ ಜಿಲ್ಲೆ ನಮ್ಮದು. ಕುಂದಾಪುರ ದಾಟಿದರೆ ಕನ್ನಡವೇ ಬೇರೆ ಥರ. ಐದು ಜನರ ತಂಡದಲ್ಲಿ ಐವರೂ ಒಂದೇ ಭಾಷೆಯವರು, ಒಂದೇ ಸಮುದಾಯದವರು ಆದರೆ ಉಳಿದ ಮನೆಗಳಿಗೆ ನಿಮಗೆ ಬಾಗಿಲಿಲ್ಲ. ಪರಿಚಯದವರನ್ನೇ ಸೇರಿಸುತ್ತಾ ಹೋದರೆ ಆಗುವುದು ಇದೇ.

ಹಂತ 5: ಕಾಗದ ಪತ್ರ, ಪರೀಕ್ಷೆ

ಇದು ಸುಲಭ. ಏಜೆಂಟ್ ಆಗಲು 18 ವರ್ಷ ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಪ್ಯಾನ್ ಕಾರ್ಡ್ ಬೇಕು. ಐಸಿ-38 ಎಂಬ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ನಲವತ್ತು ದಾಟಿದವರು ಪರೀಕ್ಷೆ ಅಂದ ಕೂಡಲೇ ಹೆದರುತ್ತಾರೆ. ಮಾದರಿ ಪ್ರಶ್ನೆಗಳನ್ನು ಆಫೀಸಿನಲ್ಲೇ ಎರಡು ಸಂಜೆ ಬಿಡಿಸಿದರೆ ಹೆದರಿಕೆ ಹೋಗುತ್ತದೆ.

ಎಚ್ಚರಿಕೆ ಎರಡಿವೆ. ಒಂದು, ಬೇರೆ ಕಂಪನಿಯಲ್ಲಿ ಹಳೇ ಏಜೆನ್ಸಿ ಇದೆಯೇ ಅಂತ ಮೊದಲೇ ಕೇಳಿ. ಪ್ಯಾನ್ ಹಾಕಿದ ಕೂಡಲೇ ಸಿಸ್ಟಮ್‌ನಲ್ಲಿ ಕಾಣುತ್ತದೆ. ಇದ್ದರೆ ಅಲ್ಲಿ ಬಿಟ್ಟದ್ದಕ್ಕೆ ಸೆಸೇಷನ್ ಸರ್ಟಿಫಿಕೇಟ್ (ಏಜೆನ್ಸಿ ಮುಗಿಸಿದ ಪತ್ರ) ತರಬೇಕಾಗುತ್ತದೆ. ಎರಡು, ಕೆಲಸ ಮಾಡುವವರು ಗಂಡ, ಏಜೆನ್ಸಿ ಕೋಡ್ ಇರುವುದು ಹೆಂಡತಿ ಹೆಸರಲ್ಲಿ, ಇಂಥದ್ದಕ್ಕೆ ಒಪ್ಪಬೇಡಿ. "ಎಲ್ಲರೂ ಮಾಡುತ್ತಾರೆ" ಅನ್ನುತ್ತಾರೆ. ಗಿರಾಕಿಯಿಂದ ದೂರು ಬಂದ ದಿನ ಉತ್ತರ ಕೊಡಬೇಕಾದವರು ಆ ಗಿರಾಕಿಯ ಮುಖವನ್ನೇ ನೋಡಿರುವುದಿಲ್ಲ.

ಹಂತ 6: ಮೊದಲ ಮೂರು ತಿಂಗಳು

ಮಾರಾಟ ಕಲಿಸುವ ಮೊದಲು ಕ್ಲೈಮ್ ಕಲಿಸಿ. ನನ್ನ ಈ ಮಾತಿಗೆ ಸೇಲ್ಸ್ ಮ್ಯಾನೇಜರ್‌ಗಳು ನಗುತ್ತಾರೆ. ನಗಲಿ.

ಮೊದಲ ಎರಡು ವಾರ ಕ್ಲೈಮ್ ನೋಡುವವರ ಪಕ್ಕದಲ್ಲಿ ಕೂರಿಸಿ. ಆಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋಗಿ. ಕ್ಯಾಶ್‌ಲೆಸ್ ಕೋರಿಕೆಗೆ (ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟಲಿ ಎಂಬ ಕೋರಿಕೆ) ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಸಮಯದ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕು ಎಂಬ ನಿಯಮ 2024ರಲ್ಲಿ ಬಂದಿದೆ. ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ಹೊರಡಿಸಿದ್ದು. ಡಿಸ್ಚಾರ್ಜ್ ಲೌಂಜಿನಲ್ಲಿ ಮೂರು ಗಂಟೆ ಕಾಯುವ ಮನೆಯವರ ಜೊತೆ ಒಮ್ಮೆ ಕೂತವರು ಪ್ರಪೋಸಲ್ ಫಾರಂನಲ್ಲಿ (ಪಾಲಿಸಿಗೆ ತುಂಬುವ ಅರ್ಜಿಯಲ್ಲಿ) ಶುಗರ್, ಬಿಪಿ ಮುಚ್ಚಿಡಲು ಹೇಳುವುದಿಲ್ಲ. ಹಾಗೆ ಮುಚ್ಚಿಟ್ಟದ್ದು ಆಮೇಲೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅವರು ಕಣ್ಣಾರೆ ನೋಡಿರುತ್ತಾರೆ.

ವಾಹನ ವಿಮೆಯವರಾದರೆ ಗ್ಯಾರೇಜಿಗೆ ಕಳಿಸಿ, ಸರ್ವೇಯರ್ (ಹಾನಿ ನೋಡಿ ವರದಿ ಕೊಡುವವರು) ಬರುವಾಗ ಪಕ್ಕದಲ್ಲಿ ನಿಲ್ಲಲಿ. ಹೆದ್ದಾರಿ 66ರ ಬದಿಯ ಗ್ಯಾರೇಜುಗಳಲ್ಲಿ ಇಂಥ ಪಾಠಕ್ಕೆ ಬರಗಾಲ ಇಲ್ಲ.

ಮೂರನೇ ವಾರದಿಂದ ಜೊತೆಗೆ ಹೋಗಿ. ಮೊದಲ ಕೆಲವು ಮನೆಗಳಲ್ಲಿ ನೀವು ಮಾತಾಡಿ, ಅವರು ಕೇಳಲಿ. ಆಮೇಲೆ ಅವರು ಮಾತಾಡಲಿ, ನೀವು ಬಾಯಿ ಮುಚ್ಚಿ ಕೂರಿ. ಕಷ್ಟದ ಕೆಲಸ ಈ ಎರಡನೆಯದು. ಹೆಣ್ಣುಮಕ್ಕಳಾದರೆ ಪರಿಚಯ ಇಲ್ಲದ ಮನೆಗೆ ಮೊದಲ ಸಲ ಒಬ್ಬರೇ ಹೋಗುವುದು ಬೇಡ, ಕತ್ತಲಾದ ಮೇಲಿನ ಭೇಟಿಯೂ ಬೇಡ ಎಂದು ನೀವೇ ನಿಯಮ ಮಾಡಿ. ಅವರಾಗಿ ಕೇಳಲಿ ಅಂತ ಕಾಯಬೇಡಿ.

ದೊಡ್ಡ ಎಚ್ಚರಿಕೆ: ಮೊದಲ ಕಂತನ್ನು ಏಜೆಂಟ್ ತನ್ನ ಕೈಯಿಂದ ಕಟ್ಟುವುದು, ಕಮಿಷನ್‌ನಲ್ಲಿ ಪಾಲು ಕೊಡುತ್ತೇನೆ ಅನ್ನುವುದು. ವಿಮಾ ಕಾಯ್ದೆಯ 41ನೇ ಕಲಂ ಇದನ್ನು ನಿಷೇಧಿಸಿದೆ, ದಂಡ 10 ಲಕ್ಷದವರೆಗೆ. ಟಾರ್ಗೆಟ್ ಮುಗಿಸಬೇಕೆಂದು ಹೊಸಬರು ಗುಟ್ಟಾಗಿ ಮಾಡುತ್ತಾರೆ, ಕೆಲವೊಮ್ಮೆ ಮೇಲಿನವರೇ "ಈ ತಿಂಗಳು ಹೇಗಾದರೂ ಅಡ್ಜಸ್ಟ್ ಮಾಡು" ಅನ್ನುತ್ತಾರೆ. ಕಾನೂನು ಒಂದು ಕಡೆ ಇರಲಿ. ಹಾಗೆ ಬಂದ ಪಾಲಿಸಿ ಎರಡನೇ ವರ್ಷ ನಿಲ್ಲುತ್ತದೆ. ಏಜೆಂಟ್ ಸಾಲ ಮಾಡಿಕೊಂಡಿರುತ್ತಾರೆ. ನಂತರ ಇನ್ಶೂರೆನ್ಸ್ ಹೆಸರು ಎತ್ತಿದರೆ ಆ ಮನೆಯಲ್ಲಿ ಜಗಳ.

ಹಂತ 7: ನೆಂಟರ ಪಟ್ಟಿ ಮುಗಿದಾಗ

ಮೂರನೇ ತಿಂಗಳ ಕೊನೆಯಲ್ಲಿ ಕೂತು ಅವರ ಪಾಲಿಸಿಗಳನ್ನು ನೋಡಿ. ಪರಿಚಯದವರ ಹೊರಗೆ ಎಷ್ಟು ಮನೆ ಮುಟ್ಟಿದ್ದಾರೆ? ಒಂದೂ ಇಲ್ಲವಾದರೆ ಈಗಲೇ ಕೈ ಹಿಡಿಯಬೇಕು, ಆರನೇ ತಿಂಗಳಲ್ಲಲ್ಲ.

ಒಳ್ಳೆಯ ದಾರಿ ಒಂದಿದೆ. ಅನಾಥ ಪಾಲಿಸಿಗಳನ್ನು ಕೊಡಿ. ಮಾಡಿಸಿದ ಏಜೆಂಟ್ ಬಿಟ್ಟುಹೋಗಿ, ಕೇಳುವವರಿಲ್ಲದ ಪಾಲಿಸಿಗಳಿಗೆ ನಮ್ಮ ಲೈನಿನಲ್ಲಿ ಹಾಗೆ ಹೇಳುತ್ತಾರೆ. ಪ್ರತಿ ಬ್ರಾಂಚಿನಲ್ಲೂ ಅದರ ರಾಶಿಯೇ ಇದೆ. ಕಂಪನಿಯ ನಿಯಮ ಹೇಗೆ ಬಿಡುತ್ತದೋ ಹಾಗೆ ಅದರಲ್ಲಿ ಇಪ್ಪತ್ತು ಮೂವತ್ತು ಮನೆಗಳನ್ನು ಹೊಸಬರಿಗೆ ವಹಿಸಿ. ಅವರು ಮಾರಲು ಹೋಗುವುದು ಬೇಡ. ನಾಮಿನಿ ಸರಿ ಇದೆಯೇ, ಮೊಬೈಲ್ ನಂಬರ್ ಬದಲಾಗಿದೆಯೇ, ಬ್ಯಾಂಕ್ ವಿಲೀನದ ನಂತರ ಐಎಫ್‌ಎಸ್‌ಸಿ ಕೋಡ್ ತಿದ್ದಿದ್ದಾರೆಯೇ, ಇಷ್ಟೇ ಕೇಳಿ ಸರಿಮಾಡಿಕೊಟ್ಟು ಬರಲಿ. ನಮ್ಮ ಜಿಲ್ಲೆಗಳಲ್ಲಿ ಕೊನೆಯದ್ದಂತೂ ಎಷ್ಟೋ ಮನೆಯಲ್ಲಿ ಬಾಕಿ ಇದೆ. ಈ ಭೇಟಿಯಿಂದ ಪರಿಚಯ ಇಲ್ಲದ ಮನೆಯ ಗೇಟಿನ ಹೆದರಿಕೆ ಹೋಗುತ್ತದೆ. ಒಂದೆರಡು ಮನೆಯವರು ತಾವಾಗಿಯೇ "ನಮ್ಮ ಮಗನಿಗೂ ಒಂದು ನೋಡಿ" ಅನ್ನುತ್ತಾರೆ.

ಟಾರ್ಗೆಟ್ ಹಾಕುವಾಗ ಪಂಚಾಂಗ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆ, ಬಂದರಿನ ಮನೆಗಳಲ್ಲಿ ಜನ ಇರುತ್ತಾರೆ, ಕೈಯಲ್ಲಿ ಹಣ ಇರುವುದಿಲ್ಲ. ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ಹಳೇ ಮನೆಗಳವರು ಹೊಸದೇನೂ ಶುರು ಮಾಡುವುದಿಲ್ಲ. ಆ ಮಳೆಯಲ್ಲಿ ಸ್ಕೂಟರಿನವರು ಎಷ್ಟು ಮನೆ ತಿರುಗುತ್ತಾರೆ ಹೇಳಿ. ಹನ್ನೆರಡು ತಿಂಗಳಿಗೂ ಒಂದೇ ಟಾರ್ಗೆಟ್ ಅಂದರೆ ಜುಲೈಯಲ್ಲಿ ಹೊಸಬರು ಕುಗ್ಗಿಹೋಗುತ್ತಾರೆ. ಮಳೆಗಾಲಕ್ಕೆ ರಿನೀವಲ್ ಫೋನ್, ತರಬೇತಿ, ಕಾಗದ ಸರಿಪಡಿಸುವುದನ್ನು ಇಡಿ. ಹೊಸ ವ್ಯವಹಾರದ ಜೋರು ನವರಾತ್ರಿಯಿಂದ ಮಾರ್ಚ್‌ವರೆಗೆ ಇರಲಿ. ಮೇಲಿನ ಆಫೀಸು ಒಪ್ಪುವುದಿಲ್ಲ ಅನ್ನುತ್ತೀರಾ? ವರ್ಷದ ಒಟ್ಟು ಅವರದ್ದು, ತಿಂಗಳಿನ ಹಂಚಿಕೆಯಲ್ಲಾದರೂ ನಿಮ್ಮ ಮಾತು ನಡೆಯುತ್ತದಲ್ಲ.

ಸೋಮವಾರದ ಮೀಟಿಂಗಿನಲ್ಲಿ ಎಲ್ಲರೆದುರು ನಿಲ್ಲಿಸಿ "ನಿಮ್ಮದು ಯಾಕೆ ಸೊನ್ನೆ?" ಅನ್ನುವ ಪದ್ಧತಿ ಇದ್ದರೆ ಇವತ್ತೇ ಬಿಡಿ. ಐವತ್ತು ದಾಟಿದ ನಿವೃತ್ತ ಮೇಷ್ಟ್ರನ್ನು ಇಪ್ಪತ್ತೈದರ ಹುಡುಗ ಹಾಗೆ ಕೇಳಿದರೆ ಮರುದಿನ ಅವರು ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ಹೇಳುವುದೂ ಇಲ್ಲ.

ಹಂತ 8: ಆಫೀಸಿನವರನ್ನು ಉಳಿಸಿಕೊಳ್ಳುವುದು

ಏಜೆಂಟರ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ, ಎಲ್ಲ ಪಾಸ್‌ವರ್ಡ್, ಎಲ್ಲ ಕಾಗದ, ಎಲ್ಲ ಗಿರಾಕಿಯ ಜಾತಕ ಗೊತ್ತಿರುವವರು. ಹೆಚ್ಚಾಗಿ ಒಬ್ಬ ಹೆಣ್ಣುಮಗಳು, ಆರೇಳು ವರ್ಷದಿಂದ ಹೆಚ್ಚುಕಡಿಮೆ ಅದೇ ಸಂಬಳ. ಅವರು ಬಿಟ್ಟ ತಿಂಗಳೊಳಗೆ ಏಜೆಂಟರು ಚದುರುತ್ತಾರೆ, ಯಾಕೆಂದರೆ ಏಜೆಂಟರ ಕೆಲಸ ಮಾಡಿಕೊಡುತ್ತಿದ್ದವರು ಆ ಒಬ್ಬರೇ.

ಬೆಂಗಳೂರಿನ ಸಂಬಳ ಕೊಡಲು ನಮ್ಮ ಆಫೀಸುಗಳಿಗೆ ಆಗುವುದಿಲ್ಲ, ನಿಜ. ಬೇರೆ ಕೆಲವು ಕೊಡಬಹುದು. ಇನ್ಶೂರೆನ್ಸ್ ಇನ್ಸ್ಟಿಟ್ಯೂಟ್ ಆಫ್ ಇಂಡಿಯಾದ ಲೈಸೆನ್ಷಿಯೇಟ್, ಅಸೋಸಿಯೇಟ್ ಪರೀಕ್ಷೆಗಳ ಫೀಸು ನೀವು ಕಟ್ಟಿ, ಪಾಸಾದರೆ ಸಂಬಳದಲ್ಲಿ ಇಷ್ಟು ಹೆಚ್ಚು ಅಂತ ಮೊದಲೇ ಬರೆದುಕೊಡಿ. ಪಿಎಫ್ 20 ಜನರಿಗಿಂತ ಕಡಿಮೆ ಇದ್ದರೆ ಕಡ್ಡಾಯ ಅಲ್ಲ, ಆದರೂ ಸ್ವಇಚ್ಛೆಯಿಂದ ಸೇರಬಹುದು. ಮನೆಯವರು ಕೆಲಸ ತೂಗುವಾಗ ಪಿಎಫ್ ಇದೆಯಾ ಅಂತ ಕೇಳಿಯೇ ಕೇಳುತ್ತಾರೆ. ಮತ್ತೆ ಇನ್ನೊಂದು, ಬರೆಯಲು ನಾಚಿಕೆಯಾಗುತ್ತದೆ: ಊರಿಗೆಲ್ಲ ಹೆಲ್ತ್ ಪಾಲಿಸಿ ಮಾರುವ ಎಷ್ಟೋ ಆಫೀಸುಗಳ ಸಿಬ್ಬಂದಿಗೇ ಹೆಲ್ತ್ ಪಾಲಿಸಿ ಇಲ್ಲ. ಮೊದಲು ಅದನ್ನು ಮಾಡಿಸಿ.

ರಜೆಯ ವಿಷಯ ಸಣ್ಣದೆಂದು ಬಿಡಬೇಡಿ. ಮನೆಯ ದೈವದ ಕೋಲ, ಮೊಂತಿ ಹಬ್ಬ, ಉಡುಪಿಯವರಿಗೆ ವಿಟ್ಲಪಿಂಡಿ, ಈದ್, ಊರಿನ ರಥೋತ್ಸವ, ಇವಕ್ಕೆ ರಜೆ ಕೇಳಿದಾಗ ಮುಖ ಸಣ್ಣ ಮಾಡುವ ಆಫೀಸಿನಲ್ಲಿ ಊರಿನವರು ನಿಲ್ಲುವುದಿಲ್ಲ. ವರ್ಷದ ಶುರುವಿನಲ್ಲೇ ಪ್ರತಿಯೊಬ್ಬರಿಂದ ತಮಗೆ ತಪ್ಪಿಸಲಾಗದ ನಾಲ್ಕೈದು ದಿನ ಬರೆಸಿಕೊಳ್ಳಿ. ನಾಲ್ಕು ಸಮುದಾಯದವರಿದ್ದರೆ ದಿನಗಳೂ ಬೇರೆ ಬೇರೆ, ಆಫೀಸು ಖಾಲಿಯಾಗುವುದಿಲ್ಲ. ಹತ್ತು ಅಥವಾ ಹೆಚ್ಚು ಜನ ಇದ್ದರೆ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ 2013ರ ಕಾಯ್ದೆಯಂತೆ ಕಡ್ಡಾಯ. ಗೋಡೆಯ ಮೇಲೆ ಬೋರ್ಡ್ ಹಾಕಿದರೆ ಸಾಲದು, ಸಮಿತಿ ನಿಜವಾಗಿ ಇರಬೇಕು.

ಮದುವೆಯಾಗಿ ಬೇರೆ ಊರಿಗೆ ಹೋಗುವ ಹುಡುಗಿಯರನ್ನು "ಹೋದರು" ಅಂತ ಬರೆದುಬಿಡಬೇಡಿ. ರಿನೀವಲ್ ಫೋನ್, ಪೋರ್ಟಲ್ ಕೆಲಸ ಕಾರ್ಕಳದ ಮನೆಯಿಂದಲೂ ಆಗುತ್ತದೆ, ಮುಂಬೈಯಿಂದಲೂ ಆಗುತ್ತದೆ. ಅರ್ಧ ದಿನದ ಕೆಲಸ ಅಂತಾದರೂ ಕೇಳಿ ನೋಡಿ.

ಹಂತ 9: ಹೋಗುವವರು ಹೋಗುವಾಗ

ಕೆಲವರು ಹೋಗಿಯೇ ಹೋಗುತ್ತಾರೆ. ಆಗ ಎರಡು ಕೆಲಸ ಸರಿಯಾಗಿ ಮಾಡಿ.

ಮೊದಲನೆಯದು, ಅಡ್ಡಗಾಲು ಹಾಕಬೇಡಿ. ಏಜೆಂಟ್ ರಾಜೀನಾಮೆ ಕೊಟ್ಟು ಗುರುತಿನ ಚೀಟಿ ಮರಳಿಸಿದರೆ 15 ದಿನದೊಳಗೆ ಸೆಸೇಷನ್ ಸರ್ಟಿಫಿಕೇಟ್ ಕೊಡಬೇಕೆಂದು 2016ರ ಏಜೆಂಟ್ ನಿಯಮಗಳಲ್ಲಿದೆ. ಅದು ಸಿಕ್ಕಿ 90 ದಿನ ಕಳೆದ ಮೇಲಷ್ಟೇ ಹೊಸ ಕಂಪನಿ ಅರ್ಜಿ ಪರಿಗಣಿಸುತ್ತದೆ. ಸರ್ಟಿಫಿಕೇಟ್ ಹಿಡಿದಿಟ್ಟರೆ ಅವರ ಸಂಪಾದನೆ ಅಷ್ಟು ದಿನ ಮುಂದೆ ಹೋಗುತ್ತದೆ. ಹಾಗೆ ಸತಾಯಿಸಿದ ಬ್ರಾಂಚಿನ ಕಥೆಯನ್ನು ಉಳಿದ ಏಜೆಂಟರೆಲ್ಲ ಗಮನವಿಟ್ಟು ಕೇಳುತ್ತಿರುತ್ತಾರೆ.

ಎರಡನೆಯದು, ಅವರ ಗಿರಾಕಿಗಳು. ಹೋಗುವವರ ಜೊತೆ ಕೂತು ಪಟ್ಟಿ ಮಾಡಿ: ಮುಂದಿನ ಮೂರು ತಿಂಗಳಲ್ಲಿ ಕಂತು ಬಾಕಿ ಇರುವವರು ಯಾರು, ಕ್ಲೈಮ್ ನಡೆಯುತ್ತಿರುವುದು ಯಾರದ್ದು, ಯಾರ ಆಟೋ ಡೆಬಿಟ್ ತಪ್ಪಿದೆ. ಅವರ ಫೋನಿನ ವಾಟ್ಸಾಪ್‌ನಲ್ಲಿ ಉಳಿದ ಗಿರಾಕಿಗಳ ಆಧಾರ್, ಪ್ಯಾನ್ ಪ್ರತಿಗಳನ್ನು ಎದುರಿಗೇ ಅಳಿಸಲು ಹೇಳಿ. ನಂತರ ಒಂದು ವಾರದೊಳಗೆ ಆ ಪ್ರತಿ ಮನೆಗೂ ಇನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂದು ಹೆಸರು, ನಂಬರ್ ಸಹಿತ ಮೆಸೇಜ್ ಹೋಗಲಿ. ಕಂತು ಹತ್ತಿರ ಬಂದ ಮನೆಗಳಿಗೆ ಮೆಸೇಜ್ ಸಾಲದು, ಹೊಸಬರನ್ನು ಕರೆದುಕೊಂಡು ನೀವೇ ಹೋಗಿ ಪರಿಚಯ ಮಾಡಿಸಿ.